ಶಾಂತರಾಜುವಿನ ಮೊಬೈಲಿಗೆ ಸಿಕ್ಕ ಆನೆ

ನಮ್ಮೂರು ಗೊಬ್ಬಳಿಕೊಪ್ಪಲಿಗೆ ಆನೆ ಬಂದದ್ದು ಒಂದೇ ಒಂದು ಸಲ. ಅದೂ ಬರಲಿಲ್ಲ. ಬಾರದೆಯೇ ಅದು ಮಾಡಿದ ಅನಾಹುತವನ್ನು ನೆನೆದರೆ, ನಿಜವಾದ ಆನೆಯೇ ಬಂದು ನಾಲ್ಕು ಬಾಳೆಗಿಡ ಮುರಿದು, ಯಾರದಾದರೂ ಹೊಗೆಸೊಪ್ಪು ತುಳಿದು ಹೋಗಿದ್ದರೆ ಎಷ್ಟೋ ವಾಸಿಯಿತ್ತು ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಉರಿಯಲಿಕ್ಕೆ ಕಾರಣವೂ ಇದೆ. ಆ ಅನಾಹುತದಲ್ಲಿ ಕಾಲು ಭಾಗ ನನ್ನದು.

ನಾನು ಇಲ್ಲಿನ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವವನು. ಎರಡು ಪೇಪರು, ಮೂರು ಕುರ್ಚಿ, ಬೀಗ ಹಾಕಿದ ಎರಡು ಬೀರು. ಊರವರು ನನ್ನನ್ನು ಮೇಷ್ಟ್ರೇ ಅನ್ನುತ್ತಾರೆ. ನಾನು ಜನ್ಮದಲ್ಲಿ ಒಬ್ಬನಿಗೂ ಪಾಠ ಹೇಳಿದವನಲ್ಲ. ಕನ್ನಡಕ ಹಾಕಿಕೊಂಡು ಪೇಪರು ಓದುವವನಿಗೆ ಅರಕಲಗೂಡಿಗೂ ರಾಮನಾಥಪುರಕ್ಕೂ ನಡುವೆ ಇರುವ ನಮ್ಮಂಥ ಊರಿನಲ್ಲಿ ಬೇರೆ ಹೆಸರಿಲ್ಲ, ಅಷ್ಟೆ.

ಇನ್ನು ಶಾಂತರಾಜು. ಇವನು ಪಂಚಾಯ್ತಿಯ ನೀರುಗಂಟಿ. ಇಪ್ಪತ್ತೆರಡು ವರ್ಷದಿಂದ ಬೆಳಿಗ್ಗೆ ಆರಕ್ಕೆ ವಾಲ್ವು ತಿರುಗಿಸಿ ಊರಿಗೆ ನೀರು ಬಿಡುತ್ತಿದ್ದಾನೆ. ನೀರು ಬಂದರೆ ಅವನ ನೆನಪು ಯಾರಿಗೂ ಆಗುವುದಿಲ್ಲ, ನಿಂತರೆ ಅವನ ಇಡೀ ವಂಶದ ನೆನಪಾಗುತ್ತದೆ. ಗ್ರಾಮಸಭೆಯಲ್ಲಿ ಅವನು ಎದ್ದು ನಿಂತು, "ಪೈಪು ಒಡ್ದೋಗೈತೆ ಸಾ, ಚರಂಡಿ ನೀರು ಸೇರ್ಕತದೆ" ಅಂದರೆ, "ಆಯ್ತು ಕುಂತ್ಕೊಳ್ಲಾ" ಅನ್ನುತ್ತಾರೆ. ಊರಿಗೆಲ್ಲ ವಾಂತಿಭೇದಿ ಶುರುವಾದ ಮೇಲೆ, "ಮೊದ್ಲೇ ಯಾಕ್ಲಾ ಯೋಳ್ಲಿಲ್ಲ" ಅಂತ ಅವನನ್ನೇ ಬೈಯುತ್ತಾರೆ. ತಾನು ಬಾಯಿ ತೆರೆದಾಗ ನಾಲ್ಕು ಜನ ತಿರುಗಿ ನೋಡಬೇಕು ಅನ್ನುವುದೊಂದೇ ಪಾಪ ಅವನ ಆಸೆ. ಆಸೆ ದೊಡ್ಡದೇನಲ್ಲ. ಆದರೆ ನಮ್ಮೂರಲ್ಲಿ ಅದು ಈಡೇರುವುದು ಆನೆ ಬಂದಾಗ ಮಾತ್ರ ಅಂತ ಆಗ ಯಾರಿಗೆ ಗೊತ್ತಿತ್ತು?

ಅವನ ಮನೆಯಲ್ಲಿ ಹೆಂಡತಿ ಪಾರ್ವತಮ್ಮ, ಒಬ್ಬಳೇ ಮಗಳು ಸಂಘಮಿತ್ರಾ. ಈ ಸಂಘಮಿತ್ರಾ ಹೊಳೆನರಸೀಪುರದಲ್ಲಿ ನರ್ಸಿಂಗ್ ಓದುತ್ತಿದ್ದಳು, ಕೊನೆಯ ವರ್ಷ. ಬೆಳಿಗ್ಗೆ ಎಂಟೂವರೆಗೆ ವಾರ್ಡಿನಲ್ಲಿ ಹಾಜರಿ. ಐದು ನಿಮಿಷ ತಡವಾದರೆ ಗೈರು. ಗೈರು ಹೆಚ್ಚಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಆ ಹೊತ್ತಿಗೆ ಅವಳನ್ನು ಮುಟ್ಟಿಸುವ ಬಸ್ಸು ಇಡೀ ಭೂಮಂಡಲದಲ್ಲಿ ಒಂದೇ: ನಮ್ಮೂರಿಗೆ ಆರೂಮುಕ್ಕಾಲಿಗೆ ಬಂದು, ತಿರುಗಿಸಿಕೊಂಡು ಸೀದಾ ಹೊಳೆನರಸೀಪುರಕ್ಕೆ ಹೋಗುವ ಬಸ್ಸು. ಅದೂ ಪುಕ್ಕಟೆ ಬಂದದ್ದಲ್ಲ. ಆ ಹುಡುಗಿ ಡಿಪೋಗೆ ಹನ್ನೊಂದು ಸಲ ಅರ್ಜಿ ಹಿಡಿದುಕೊಂಡು ಹೋಗಿ, ಹನ್ನೆರಡನೆಯ ಸಲ ಬಾಗಿಲಲ್ಲೇ ಕೂತು ತರಿಸಿದ ಬಸ್ಸು. ಬಸ್ಸು ಹೋದರೆ ಅವಳ ವರ್ಷ ಹೋಯಿತು. ಇದನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ನಮ್ಮೂರವರು ಇಟ್ಟುಕೊಳ್ಳಲಿಲ್ಲ.

ಪಾರ್ವತಮ್ಮನ ತಮ್ಮ ಕೀರ್ತಿರಾಜ್ ಚನ್ನರಾಯಪಟ್ಟಣದಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ಅಂಗಡಿಯಲ್ಲಿ ಯಾರೋ ಗಿರಾಕಿ ತರಿಸಿ, ಬೇಡವೆಂದು ಬಿಟ್ಟುಹೋದ ಒಂದು ಸಾಮಾನಿತ್ತು. ಹೆಬ್ಬೆಟ್ಟಿನಷ್ಟು ಗಾತ್ರದ ಕರೀ ಡಬ್ಬಿ, ಅದಕ್ಕೊಂದು ಗೇಣುದ್ದದ ಏರಿಯಲ್. ತುಂಡು ವೈರಿನಲ್ಲಿ ಮೊಬೈಲಿಗೆ ಸಿಗಿಸಿ ಆ್ಯಪ್ ತೆರೆದರೆ ಮೊಬೈಲೇ ರೇಡಿಯೋ. ಹಳೇ ರೇಡಿಯೋದ ಹೊಟ್ಟೆಯಲ್ಲಿದ್ದ ಸುರುಳಿ, ಮುಳ್ಳು, ತಿರುಪು ಯಾವುದೂ ಬೇಡ. ಡಬ್ಬಿ ಗಾಳಿಯಲ್ಲಿರುವ ಅಲೆಗಳನ್ನು ಹಿಡಿದು ಕೊಡುತ್ತದೆ, ಮಿಕ್ಕಿದ್ದೆಲ್ಲ ಆ್ಯಪಿನ ಲೆಕ್ಕಾಚಾರ. ಪರದೆಯ ಮೇಲೆ ನೀಲಿ ಬಣ್ಣ ಮೇಲಿಂದ ಕೆಳಕ್ಕೆ ಸುರಿಯುತ್ತಿರುತ್ತದೆ. ಸಿಗ್ನಲ್ ಇದ್ದ ಕಡೆ ಹಳದಿ ಗೆರೆ ಬೀಳುತ್ತದೆ.

"ಭಾವ, ಗಾಳೀಲಿ ಏನೇನ್ ಓಡಾಡ್ತದೋ ಎಲ್ಲಾ ಇದ್ರಲ್ಲಿ ಕೇಳ್ಬೋದು ಕಣಿ," ಅಂದ ಕೀರ್ತಿರಾಜ್. ಭಾವ ಪರಮಾನಂದನಾಗಿ ಅದನ್ನು ಜೇಬಿಗಿಟ್ಟುಕೊಂಡು ಬಂದ.

ಮಾರನೆಯ ದಿನವೇ ಅರಳಿಕಟ್ಟೆಯಲ್ಲಿ ಪ್ರದರ್ಶನ. ಹತ್ತು ಜನ ಸೇರಿದ್ದರು. ಶಾಂತರಾಜು ವೈರು ಸಿಗಿಸಿ, ಏರಿಯಲ್ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು ಒತ್ತಿದ. ಎಫ್‌ಎಂನಲ್ಲಿ ಯಾರೋ ಕೃಷಿ ಸಲಹೆ ಕೊಡುತ್ತಿದ್ದರು. ಹತ್ತೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದು ಕೇಳಾಕೆ ಇಷ್ಟೊಂದು ವೈರು ಬೇಕೇನ್ಲಾ?" ಅಂದ ತಿಮ್ಮಪ್ಪ. ತಿಮ್ಮಪ್ಪನೆಂದರೆ ನಮ್ಮೂರ ದೊಡ್ಡ ಕುಳ. ತೆಂಗಿನ ತೋಟ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನು, ಪಂಚಾಯ್ತಿ ಮೆಂಬರಿಕೆ ಮೂರೂ ಇರುವವನು. "ನಮ್ ಸುಬ್ಬಮ್ಮನ ಡಬ್ಬ ಫೋನಲ್ಲೇ ಬತ್ತದಲ್ಲೋ ಇದು. ಓಗು, ಮೊದ್ಲು ಮೇಲ್ಗಡೆ ಬೀದಿಗೆ ನೀರ್ ಬಿಡು."

ಶಾಂತರಾಜು ಅವತ್ತು ಲೈಬ್ರರಿಗೆ ಬಂದು ಮುಖ ಇಳಿಬಿಟ್ಟುಕೊಂಡು ಕೂತ. ಸಮಾಧಾನ ಮಾಡೋಣವೆಂದು ನಾನು ಪೇಪರಿನ ಒಂದು ಸುದ್ದಿ ಓದಿ ಹೇಳಿದೆ. ಕಾಡಾನೆಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟುತ್ತಾರೆ, ಅದು ಟಕ್ ಟಕ್ ಅಂತ ಸಿಗ್ನಲ್ ಬಿಡುತ್ತದೆ, ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ಅದರಿಂದ ಪತ್ತೆ ಮಾಡುತ್ತಾರೆ, ಹೀಗೆ. ಅವನ ಮುಖ ಅರಳಿತು. ಅರಳಿದ್ದು ನೋಡಿ ನನಗೂ ಖುಷಿಯಾಯಿತು. ಅವತ್ತೇ ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ!

ಆ ಮೇಲೆ ಶಾಂತರಾಜು ವಾಲ್ವು ತಿರುಗಿಸಲು ಹೋಗುವಾಗಲೆಲ್ಲ ಒಂದು ಕೈಯಲ್ಲಿ ಕೀಲಿ, ಇನ್ನೊಂದರಲ್ಲಿ ಮೊಬೈಲು. ಆರನೆಯ ದಿನ ಸಂಜೆ ತಿಮ್ಮಪ್ಪನ ತೆಂಗಿನ ತೋಟದ ಪಕ್ಕ ಪರದೆಯ ಮೇಲೆ ಗೆರೆ ಬಿತ್ತು. ಕಿವಿಗಿಟ್ಟುಕೊಂಡ. ಟಕ್. ಟಕ್. ಟಕ್. ತೋಟದ ಒಳಗೆ ನಡೆದಷ್ಟೂ ಜೋರಾಯಿತು. ಅವನು ಕೀಲಿ ಅಲ್ಲೇ ಬಿಸಾಕಿ ಓಡಿಬಂದ ರಭಸಕ್ಕೆ ಒಂದು ಚಪ್ಪಲಿ ಇವತ್ತಿಗೂ ಸಿಕ್ಕಿಲ್ಲ.

ಕಟ್ಟೆಯ ಮುಂದೆ ನಿಂತು, "ಆನೆ! ಗೌಡ್ರೇ, ನಿಮ್ ತ್ವಾಟದಾಗೆ ಆನೆ ಬಂದ್ಬುಟ್ಟೈತೆ!" ಅಂದ.

ನಂಬಲಿಲ್ಲ. ಆದರೆ ನಂಬದಿರಲು ಧೈರ್ಯವೂ ಯಾರಿಗೂ ಇರಲಿಲ್ಲ. ತಿಮ್ಮಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ತೋಟದ ಅಂಚಿನ ತನಕ ಹೋದ. ಮೊಬೈಲು ಟಕ್ ಟಕ್ ಅಂದಿತು. ಕೊರಳ ಪಟ್ಟಿಯ ವಿಷಯ ಪೇಪರಿನಲ್ಲಿ ಬಂದಿದೆ ಅಂತ ನಾನು ಸಾಕ್ಷಿ ನುಡಿದೆ. ತೋಟದ ಒಳಗೆ ಏನೋ ಸರ್ರೆಂದಿತು. ಅದು ಮುಂಗುಸಿಯಿರಬಹುದು; ಅದನ್ನು ಖಾತ್ರಿ ಮಾಡಿಕೊಳ್ಳಲು ನಮ್ಮಲ್ಲಿ ಒಬ್ಬರೂ ನಿಲ್ಲಲಿಲ್ಲ.

ಅವತ್ತು ತಿಮ್ಮಪ್ಪನ ಮನೆಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಪ್ಪತ್ತೆರಡು ವರ್ಷ ಆ ಮನೆಯ ಅಂಗಳದಲ್ಲೇ ನಿಂತು ಮಾತಾಡಿದ ಶಾಂತರಾಜುವನ್ನು ತಿಮ್ಮಪ್ಪ, "ಬಾರಪ್ಪಾ ಶಾಂತರಾಜು, ಮ್ಯಾಕೆ ಬಾ, ಕುಂತ್ಕೋ," ಅಂತ ಜಗಲಿಗೆ ಕರೆದ. ಅವನ ಹೆಂಡತಿ ಸುಬ್ಬಮ್ಮ, ಮನೆಯವರು ಕುಡಿಯುವ ಸ್ಟೀಲ್ ಲೋಟದಲ್ಲೇ ಕಾಫಿ ತಂದಿಟ್ಟಳು. ಶಾಂತರಾಜು ಆ ಕಾಫಿಯನ್ನು ಅರ್ಧ ಗಂಟೆ ಕುಡಿದ. ಬೇಗ ಮುಗಿದರೆ ಎದ್ದು ಹೋಗಬೇಕಾಗುತ್ತದಲ್ಲ.

ಮುಂದಿನದು ಬಹಳ ಬೇಗ ಬೆಳೆಯಿತು. ತಿಮ್ಮಪ್ಪ ತೋಟಕ್ಕೆ ಹಂದಿ ಬಾರದಿರಲಿ ಅಂತ ಒಂದೆರಡು ದಿನದ ಹಿಂದೆ ಸೋಲಾರ್ ತಂತಿ ಬೇಲಿ ಹಾಕಿಸಿದ್ದ. ಮುಟ್ಟಿದರೆ ಝುಮ್ಮೆನ್ನಿಸುವ ಬೇಲಿ. ಹಂದಿಗೆ ಹಾಕಿದ್ದು ಆನೆಗೆ ಸಾಲದು ಅಂತ ಈಗ ಹಾಸನದಿಂದ ಬೇಲಿಗೆ ಕರೆಂಟು ಕೊಡುವ ದೊಡ್ಡ ಪೆಟ್ಟಿಗೆ, ದೊಡ್ಡ ಬ್ಯಾಟರಿ ತರಿಸಿ ಹಗಲೂ ರಾತ್ರಿ ಚಾಲೂ ಇಟ್ಟ. ಮಾರನೆಯ ಬೆಳಿಗ್ಗೆ ಶಾಂತರಾಜು ಮೊಬೈಲು ಹಿಡಿದರೆ ಟಕ್ ಟಕ್ ಎರಡರಷ್ಟು ಜೋರು.

"ಅತ್ರ ಬಂದ್ಬುಟ್ಟೈತೆ," ಅಂದ ಶಾಂತರಾಜು.

ಹತ್ತಿರ ಬಂತೆಂದು ಹೆದರಿ ಪಕ್ಕದ ತೋಟದ ದೇವರಾಜನೂ ಬೇಲಿ ಹಾಕಿಸಿದ. ಈಗ ಮೊಬೈಲಿನಲ್ಲಿ ಟಕ್ ಆದ ಮೇಲೆ ಸಣ್ಣದಾಗಿ ಇನ್ನೊಂದು ಟಿಕ್.

"ಮರಿ ಐತೆ," ಅಂದ ಶಾಂತರಾಜು. ಊರು ಊರೇ ಲೊಚಗುಟ್ಟಿತು. ಪಾಪ, ಮರಿ ಕಟ್ಟಿಕೊಂಡು ಎಲ್ಲಿಂದ ಬಂತೋ ಅಂತ ಸುಬ್ಬಮ್ಮ ತೋಟದ ಅಂಚಿಗೆ ಎರಡು ಹಲಸಿನ ಹಣ್ಣು ಇಡಿಸಿದಳು. ಹಣ್ಣು ಬೆಳಿಗ್ಗೆಯೊಳಗೆ ಮಾಯ. ತಿಂದವರು ಯಾರೆಂದು ನನಗೆ ಗೊತ್ತು, ಮನೆತನದ ಮರ್ಯಾದೆ ದೃಷ್ಟಿಯಿಂದ ಹೇಳುವುದಿಲ್ಲ.

ಹೆಂಗಸರು ಕಳೆ ತೆಗೆಯಲು ಹೋಗುವ ಮುಂಚೆ ಶಾಂತರಾಜುವನ್ನು ಕೇಳಿ ಹೋಗತೊಡಗಿದರು. ಚನ್ನರಾಯಪಟ್ಟಣದಿಂದ, ನುಗ್ಗೇಹಳ್ಳಿಯಿಂದ ನೆಂಟರು ಫೋನ್ ಮಾಡಿ, "ಆನೆ ಎಂಗೈತೆ?" ಅಂತ ಆನೆಯ ಯೋಗಕ್ಷೇಮ ವಿಚಾರಿಸತೊಡಗಿದರು. ಶಾಂತರಾಜು ಇಸ್ತ್ರಿ ಷರಟು ಹಾಕತೊಡಗಿದ.

ಪಾರ್ವತಮ್ಮ ಮಾತ್ರ, "ಆನೆ ಕಂಡೋರು ಯಾರು? ನೀವ್ ಕಂಡ್ರಾ?" ಅಂತ ಗಂಡನನ್ನು ದಿನಾ ಕೇಳುತ್ತಿದ್ದಳು.

"ಕಾಣಾದ್ಯಾತಕ್ಕೆ? ಕೇಳ್ತದಲ್ಲಾ!" ಅನ್ನುತ್ತಿದ್ದ ಶಾಂತರಾಜು.

ಹತ್ತನೆಯ ದಿನ ಬೆಳಿಗ್ಗೆ ಆರೂಮುಕ್ಕಾಲಿಗೆ ಬಸ್ಸು ಬಂತು. ಡ್ರೈವರ್ ದೇವಯ್ಯ ಎಂಜಿನ್ ನಿಲ್ಲಿಸದೆ ಕೆಳಗಿಳಿದು, "ಆನೆ ಅಂತೆ, ನಿಜವಾ ಸಾ?" ಅಂದ. ಸಾ! ಯೂನಿಫಾರಂ ಹಾಕಿದವನ ಬಾಯಲ್ಲಿ ಸಾ! ಶಾಂತರಾಜು ಹಿಗ್ಗಿಹೋಗಿ, ಮೊಬೈಲನ್ನು ಅವನ ಕಿವಿಗೇ ಹಿಡಿದ. ತಾಯಿ ಯಾವುದು, ಮರಿ ಯಾವುದು ಅಂತ ಬಿಡಿಸಿ ತೋರಿಸಿದ. ರಸ್ತೆಗೂ ಅದಕ್ಕೂ ಇನ್ನೂರು ಗಜ ಅಂತಲೂ ಸೇರಿಸಿದ.

"ಮನೇಲಿ ಎಂಡ್ರು ಮಕ್ಳವ್ರೆ ಸಾ," ಅಂದವನೇ ಬಸ್ಸು ತಿರುಗಿಸಿಕೊಂಡು ಹೋದ. ಅವತ್ತು ಸಂಘಮಿತ್ರಾ ಆ ಬಸ್ಸಿನಲ್ಲೇ ಹೋದಳು. ಮಾರನೆಯ ದಿನ ಬಸ್ಸು ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ದೇವಯ್ಯ ಡಿಪೋದಲ್ಲಿ ಬರೆದುಕೊಟ್ಟಿದ್ದ: ಸದರಿ ಗ್ರಾಮದಲ್ಲಿ ಮರಿಯಾನೆ ಸಮೇತ ಆನೆ ಬೀಡುಬಿಟ್ಟಿರುವುದರಿಂದ ಬೆಳಗಿನ ಟ್ರಿಪ್ ನಡೆಸಲು ಸಾಧ್ಯವಿಲ್ಲ.

ಸಂಘಮಿತ್ರಾ ನಾಲ್ಕು ಕಿಲೋಮೀಟರ್ ನಡೆದು ಮೇನ್ ರೋಡಿನ ಕ್ರಾಸಿಗೆ ಹೋಗಿ, ಅಲ್ಲಿ ಏಳೂವರೆಯ ಬಸ್ಸು ಹಿಡಿದು, ಅರಕಲಗೂಡಿನಲ್ಲಿ ಇಳಿದು ಇನ್ನೊಂದು ಹತ್ತಿ, ಕಾಲೇಜು ಮುಟ್ಟುವಾಗ ಒಂಬತ್ತೂಮುಕ್ಕಾಲು. ಗೈರು. ಹಾಸ್ಟೆಲ್ಲಿನಲ್ಲಿ ವರ್ಷದ ನಡುವೆ ಜಾಗವಿಲ್ಲ. ಪರೀಕ್ಷೆಗೆ ಎರಡು ತಿಂಗಳು. ಐದು ದಿನ ಹೀಗೆ ಓಡಾಡಿದ ಮೇಲೆ, ಭಾನುವಾರ ಆ ಹುಡುಗಿ ಅಪ್ಪನ ಮುಂದೆ ಬಂದು ನಿಂತಳು.

"ಅಪ್ಪ, ಆ ಮೊಬೈಲ್ ಕೊಡು ಸ್ವಲ್ಪ."

ಕೊಟ್ಟ. ಅವಳು ಕೈಗಡಿಯಾರ ನೋಡುತ್ತ, ರೋಗಿಯ ನಾಡಿ ಎಣಿಸುವಂತೆ ಎಣಿಸಿದಳು. ನಿಮಿಷಕ್ಕೆ ಐವತ್ತು. ಮತ್ತೆ ಎಣಿಸಿದಳು. ಐವತ್ತು. ಆಮೇಲೆ ತೋಟದೊಳಕ್ಕೆ ನಡೆದೇಬಿಟ್ಟಳು. "ಬ್ಯಾಡ ಕಣವ್ವಾ, ತುಳ್ದ್ಬುಡ್ತದೆ!" ಅಂತ ಶಾಂತರಾಜು ಬಾಯಿ ಬಡಿದುಕೊಳ್ಳುತ್ತ ಹಿಂದೆ ಓಡಿದ. ಅವನ ಹಿಂದೆ ನಾನು. ಟಕ್ ಟಕ್ ಜೋರಾಗುತ್ತ ಹೋಗಿ, ಪಂಪ್‌ಮನೆಯ ಮುಂದೆ ಮೊಬೈಲು ಒದರತೊಡಗಿತು. ಪಂಪ್‌ಮನೆಯಲ್ಲಿ ಆನೆ ಹಿಡಿಸುವಷ್ಟು ಜಾಗವಿರಲಿಲ್ಲ. ಗೋಡೆಯ ಮೇಲೆ ತಂತಿಗೆ ಬಿಟ್ಟುಬಿಟ್ಟು ಕರೆಂಟು ಹೊಡೆಯುವ ಬೇಲಿಯ ಪೆಟ್ಟಿಗೆಯಿತ್ತು, ಅದರಲ್ಲೊಂದು ಕೆಂಪು ದೀಪ. ದೀಪ ಒಮ್ಮೆ ಮಿಣುಕಿದರೆ ಮೊಬೈಲಿನಲ್ಲಿ ಒಂದು ಟಕ್. ಹೊರಗೆ ಒಣಗಿದ ಸೋಗೆಯೊಂದು ತಂತಿಗೆ ತಾಗಿ, ಅದೇ ಲಯಕ್ಕೆ ಚಟ್ ಚಟ್ ಅಂತ ಕಿಡಿ.

ಸಂಘಮಿತ್ರಾ ಸ್ವಿಚ್ ಆರಿಸಿದಳು. ತಾಯಿ ಆನೆ ಸತ್ತಿತು. ಮತ್ತೆ ಹಾಕಿದಳು. ಬದುಕಿತು. ದೇವರಾಜನ ತೋಟಕ್ಕೆ ಹೋಗಿ ಮರಿಯನ್ನೂ ಹಾಗೆಯೇ ಒಂದು ಸಲ ಸಾಯಿಸಿ ಬದುಕಿಸಿದಳು.

ಶಾಂತರಾಜು ತೆಂಗಿನ ಬುಡದಲ್ಲಿ ಕೂತ. ಆ ಮುಖ ನೋಡಲಾಗಲಿಲ್ಲ. "ಆಯ್ತು, ಈಗ್ಲೇ ಓಗಿ ಊರಿಗೆಲ್ಲಾ ಯೋಳ್ಬುಡ್ತೀನಿ," ಅಂದ. ಜಗಲಿ, ಸ್ಟೀಲ್ ಲೋಟ, ಸಾ ಎಲ್ಲ ಹೋಗುತ್ತದೆಂದು ಗೊತ್ತಿದ್ದೂ ಅಂದ. ಅವನನ್ನು ನಾನು ಎಷ್ಟೋ ಸಲ ಪೆದ್ದ ಅಂದಿದ್ದೇನೆ, ಅವತ್ತು ಅನ್ನಲಿಲ್ಲ.

ಕಟ್ಟೆಯ ಮುಂದೆ ನಿಂತು ಹೇಳಿದ. "ಅದು ಆನೆ ಅಲ್ಲ. ಬೇಲಿ. ಆಫ್ ಮಾಡಿ ನೋಡುದ್ವಿ. ನನ್ ತಪ್ಪು, ಎಲ್ರೂ ಕ್ಷಮಿಸ್ಬುಡಿ."

ತಿಮ್ಮಪ್ಪ ಎದ್ದು ನಿಂತ. "ಲೇ, ನನ್ ಬೇಲಿ ಆಫ್ ಮಾಡಿದ್ರೇನ್ಲಾ? ಆನೆ ನುಗ್ಗಿದ್ರೆ ಏನ್ಲಾ ಗತಿ?"

"ಆನೆ ಇಲ್ಲ ಗೌಡ್ರೇ."

"ಇಲ್ದಿದ್ರೆ ಇಷ್ಟ್ ದಿನ ಬೇಲಿ ಯಾಕ್ಲಾ ಹಾಕ್ಸಿದೆ ನಾನು? ತಲೆ ಕೆಟ್ಟಿತ್ತಾ ನಂಗೆ?"

"ಸಿಚ್ ಆರ್ಸಿದ್ರೆ ಸವುಂಡು ನಿಂತೋಯ್ತದೆ ಗೌಡ್ರೇ, ಬೇಕಾದ್ರೆ ಬನ್ನಿ ತೋರುಸ್ತೀನಿ."

"ನಿಲ್ದೆ ಇನ್ನೇನು! ಬೇಲಿ ಆಫ್ ಆಯ್ತು ಅಂತ ಆನೆಗೆ ತಿಳೀತದೆ, ಸದ್ದಿಲ್ದಂಗೆ ನಿಂತ್ಕತದೆ. ಆನೆ ಬುದ್ಧಿ ನಿಂಗೇನ್ ಗೊತ್ಲಾ?"

ಇಡೀ ಕಟ್ಟೆ ತಲೆದೂಗಿತು. ಇಪ್ಪತ್ತೆರಡು ವರ್ಷದಲ್ಲಿ ಶಾಂತರಾಜು ಆಡಿದ ಒಂದೇ ಒಂದು ಸುಳ್ಳನ್ನು ಊರು ನಂಬಿತ್ತು. ಅದನ್ನು ವಾಪಸು ಕೊಡಲು ಯಾರೂ ತಯಾರಿರಲಿಲ್ಲ. ದೇವರಾಜನಂತೂ, "ಮರೀನ ನಾನ್ ಕಂಡಿವ್ನಿ," ಅಂದುಬಿಟ್ಟ.

ಊರು ಹಾಳಾಗಲಿ, ಬಸ್ಸು ಬರಲಿ ಅಂತ ನಾನೂ ಶಾಂತರಾಜುವೂ ಡಿಪೋಗೆ ಹೋದೆವು. ಅಲ್ಲಿನ ಸಾಹೇಬರು ನಮ್ಮ ಮಾತನ್ನೆಲ್ಲ ಶಾಂತವಾಗಿ ಕೇಳಿದರು.

"ಆನೆ ಹೋಯ್ತು ಅಂತ ಅರಣ್ಯ ಇಲಾಖೆಯಿಂದ ಒಂದು ಲೆಟರ್ ತನ್ನಿ. ನಾಳೆಯಿಂದಲೇ ಬಸ್ ಬಿಡ್ತೀನಿ."

"ಬಂದೇ ಇಲ್ಲ ಸಾ. ಬೇಲಿ ಸವುಂಡು ಸಾ ಅದು," ಅಂದ ಶಾಂತರಾಜು.

"ಬಂದಿಲ್ಲ ಅನ್ನೋ ಹಾಗಿಲ್ಲ. ನಮ್ಮ ಡ್ರೈವರ್ ರಿಪೋರ್ಟ್ ಇದೆ. ರೆಕಾರ್ಡ್ ಪ್ರಕಾರ ಬಂದಿದೆ. ಈಗ ಹೋಗ್ಬೇಕು."

ಅರಣ್ಯ ಕಚೇರಿಗೆ ಹೋದೆವು. ಗುಮಾಸ್ತ ದಪ್ಪ ರಿಜಿಸ್ಟರ್ ತಿರುವಿ, ಮೇಲಿಂದ ಕೆಳಕ್ಕೆ ಬೆರಳಾಡಿಸಿ, "ನಿಮ್ಮೂರಿಗೆ ಆನೆ ಬಂದ ದಾಖಲೆನೇ ಇಲ್ವಲ್ರೀ," ಅಂದ.

"ಅದೇ ಸಾ ನಾವೂ ಯೋಳ್ತಿರಾದು!" ಅಂತ ಶಾಂತರಾಜು ಸಂತೋಷದಿಂದ ಕೂಗಿದ.

"ಬಾರದೇ ಇರೋ ಆನೆ ಹೋಯ್ತು ಅಂತ ನಾನು ಹೇಗ್ರೀ ಕೊಡ್ಲಿ? ನಾಳೆ ಆಡಿಟ್‌ನವರು ಕೇಳಿದ್ರೆ?"

"ಬಂದಿಲ್ಲ ಅಂತ್ಲೇ ಕೊಡಿ ಸಾ."

"ಬಂದಿಲ್ಲ ಅಂತ ಕೊಡೋ ಫಾರಂ ಇಲ್ಲ."

ಇಲ್ಲಿ ನನ್ನ ಕಾಲು ಭಾಗ ಬರುತ್ತದೆ. ಆ ಕಚೇರಿಯ ಮೆಟ್ಟಿಲ ಮೇಲೆ ಕೂತು ನನಗೆ ಒಂದು ಉಪಾಯ ಹೊಳೆಯಿತು. ಮೊದಲು ಆನೆಯನ್ನು ಬರಮಾಡೋಣ, ರಿಜಿಸ್ಟರಿನಲ್ಲಿ ಹತ್ತಲಿ, ಮಾರನೆಯ ದಿನ ಹೋಯಿತು ಅಂತ ಬರೆಸಿದರೆ ಮುಗಿಯಿತಲ್ಲ! ಒಂದೇ ಅರ್ಜಿಯಲ್ಲಿ ಬಂದದ್ದನ್ನೂ ಹೋದದ್ದನ್ನೂ ಬರೆದೆ. ಗುಮಾಸ್ತ ಒಪ್ಪಲಿಲ್ಲ, ಬಂದದ್ದಕ್ಕೆ ಬೇರೆ ಅರ್ಜಿ, ಹೋದದ್ದಕ್ಕೆ ಬೇರೆ. ಸರಿ, ಬಂದದ್ದಕ್ಕೆ ಬರೆದೆ. ಶಾಂತರಾಜು ಪೆನ್ನು ಹಿಡಿದುಕೊಂಡು, "ಮೇಷ್ಟ್ರೇ, ಇಲ್ಲ ಅಂತ ಗೊತ್ತಿದ್ದೂ ಐತೆ ಅಂತ ಸೈನ್ ಮಾಡಾದಾ?" ಅಂದ. "ಮಗಳ ಬಸ್ಸಿಗೋಸ್ಕರ ಮಾಡಯ್ಯ," ಅಂದೆ. ಮಾಡಿದ.

ನಾಲ್ಕು ದಿನದ ಮೇಲೆ ಗಾರ್ಡ್ ಲಕ್ಕಯ್ಯ ದೊಡ್ಡ ಏರಿಯಲ್ ಹಿಡಿದುಕೊಂಡು ಸ್ಥಳ ತನಿಖೆಗೆ ಬಂದ. ಸುತ್ತ ತಿರುಗಿಸಿ ಆಲಿಸಿ, "ಪಟ್ಟಿ ಕಟ್ಟಿರೋ ಆನೆ ಈ ಕಡೆ ಒಂದೂ ಇಲ್ಲ ಸಾ," ಅಂದ. ಇಲ್ಲವೆಂದೇ ಬರೆದುಕೊಟ್ಟರೂ ಬಸ್ಸು ಬರುತ್ತದಲ್ಲ ಅಂತ ನಮ್ಮ ಎದೆ ಹಗುರಾಯಿತು. ಅಷ್ಟರಲ್ಲಿ ತಿಮ್ಮಪ್ಪ, "ಪಟ್ಟಿ ಇಲ್ದಿರೋ ಆನೆ ಇರಬಾರ್ದೇನಪ್ಪಾ?" ಅಂದ. ಲಕ್ಕಯ್ಯ ತಲೆ ಕೆರೆದುಕೊಂಡ. ಇರಬಾರದು ಅನ್ನುವ ಕಾನೂನಿಲ್ಲ. ತಿಮ್ಮಪ್ಪ ಗಾಳಿಗೆ ಬಿದ್ದ ಮೂರು ಬಾಳೆಗಿಡ ತೋರಿಸಿದ. ದೇವರಾಜ ಒಂದು ಎಮ್ಮೆ ಸಗಣಿಯ ರಾಶಿಯನ್ನು ತೋರಿಸಿ, "ಮರೀದು" ಅಂದ. ಅರ್ಜಿದಾರನೇ ಆನೆ ಇದೆ ಅಂತ ಸಹಿ ಹಾಕಿದ ಮೇಲೆ ಲಕ್ಕಯ್ಯ ಪಾಪ ಏನು ಮಾಡಿಯಾನು? ಮಹಜರು ಬರೆದ. ಆನೆ ಎರಡು. ಮೊದಲನೇ ಸಾಕ್ಷಿ, ಶಾಂತರಾಜು.

"ಈಗ ಓಯ್ತು ಅಂತ ಬರ್ಕೊಡಿ ಸಾ," ಅಂದ ಶಾಂತರಾಜು, ಲಕ್ಕಯ್ಯ ಪೆನ್ನಿನ ಮುಚ್ಚಳ ಹಾಕುವ ಮುಂಚೆಯೇ.

"ಆರು ತಿಂಗ್ಳು ಕಣ್ಣಿಗೆ ಬೀಳ್ದೆ ಇದ್ರೆ ಓಯ್ತು ಅಂತ ಅರ್ಥ ಸಾ. ಅಲ್ಲೀಗಂಟ ಆನೆ ಓಡಾಡೋ ಜಾಗ ಅಂತ ಬೋರ್ಡು ಬತ್ತದೆ. ಬೆಳಿಗ್ಗೆ ಎಂಟರ ಒಳ್ಗೆ ಬಸ್ಸು ಗಿಸ್ಸು ಯಾವ್ದೂ ಬಿಡಂಗಿಲ್ಲ."

ಬೋರ್ಡು ಬಂತು. ಹಳದಿ ಬಣ್ಣದ್ದು, ಆನೆಯ ಚಿತ್ರವಿರುವುದು. ಅದನ್ನು ನಿಲ್ಲಿಸಲು ಗುಂಡಿ ತೋಡಿದವನೂ ಶಾಂತರಾಜುವೇ. ಪಂಚಾಯ್ತಿಯವರು ಹೇಳಿದ ಮೇಲೆ ಇಲ್ಲ ಅನ್ನುವ ಹಾಗಿಲ್ಲ.

ಆಮೇಲಿನ ಒಂದೂವರೆ ತಿಂಗಳು ಅವನು ಹುಚ್ಚನ ಹಾಗೆ ತಿರುಗಿದ. ಸಿಕ್ಕಸಿಕ್ಕವರಿಗೆಲ್ಲ, "ಅದು ಬೇಲಿ ಕಣಣ್ಣಾ, ಬೇಲಿ ಕಣಕ್ಕಾ," ಅಂದ. ಎಲ್ಲರೂ, "ಊಂ ಕಣಪ್ಪಾ," ಅಂದು ಆಮೇಲೆ, "ಇವತ್ತು ಯಾವ್ ಕಡೆ ಐತೆ?" ಅಂತ ಕೇಳುತ್ತಿದ್ದರು. ನಾನು ಮೂರು ಕಚೇರಿಗೆ ಏಳು ಅರ್ಜಿ ಬರೆದೆ. ಒಂದಕ್ಕೆ ಉತ್ತರ ಬಂತು: ಆನೆ ಹಾವಳಿ ಕುರಿತ ತಮ್ಮ ಮನವಿಯನ್ನು ಪರಿಶೀಲಿಸಲಾಗುವುದು. ಸಂಘಮಿತ್ರಾ ದಿನಾ ಕತ್ತಲಿರುವಾಗಲೇ ಎದ್ದು ಕ್ರಾಸಿಗೆ ನಡೆದು, ದಿನಾ ತಡವಾಗಿ ಮುಟ್ಟಿ, ದಿನಾ ಗೈರು ಹಾಕಿಸಿಕೊಂಡು ಬರುತ್ತಿದ್ದಳು. ಪಾರ್ವತಮ್ಮ ಗಂಡನ ಜೊತೆ ಮಾತು ಬಿಟ್ಟಳು. ಊಟ ಬಡಿಸುತ್ತಿದ್ದಳು, ಮಾತಿಲ್ಲ. ಬೈದರೂ ವಾಸಿಯಿತ್ತು ಮೇಷ್ಟ್ರೇ ಅಂತ ಅವನು ನನ್ನ ಹತ್ತಿರ ಅಳುತ್ತಿದ್ದ.

ಪರೀಕ್ಷೆಗೆ ಹತ್ತು ದಿನವಿರುವಾಗ ಕಾಲೇಜಿನಿಂದ ಕರೆ ಬಂತು. ಅಪ್ಪನನ್ನು ಕರೆದುಕೊಂಡು ಬರಬೇಕು. ಹಾಜರಿ ಸಾಲದು.

ಶಾಂತರಾಜು ಇಸ್ತ್ರಿ ಷರಟು ಹಾಕಿಕೊಂಡು ಹೋದ. ಪ್ರಿನ್ಸಿಪಾಲ್ ಮೇಡಂ ಕೆಟ್ಟವರಲ್ಲ. ಹುಡುಗಿಯ ಅಂಕಗಳನ್ನೆಲ್ಲ ಮುಂದಿಟ್ಟುಕೊಂಡು ಕೂತಿದ್ದರು. "ನೋಡಿ, ಪ್ರವಾಹ, ಕಾಡುಪ್ರಾಣಿ, ಈ ಥರ ನಿಜವಾದ ಅಡಚಣೆ ಇದ್ದರೆ ವಿನಾಯಿತಿಗೆ ಬರೆಯಬಹುದು. ನಿಮ್ಮೂರಿಗೆ ಆನೆ ಬಂದಿದೆ ಅಂತ ಉಳಿದ ಹುಡುಗಿಯರು ಹೇಳಿದರು. ಅರಣ್ಯ ಇಲಾಖೆ ಕಾಗದ ಇದೆಯಾ?"

ಕಾಗದ ಶಾಂತರಾಜುವಿನ ಜೇಬಿನಲ್ಲೇ ಇತ್ತು. ಹರಿದು ಬಿಸಾಕಬೇಕೆಂದು ಎಷ್ಟೋ ಸಲ ತೆಗೆದು, ಸರ್ಕಾರದ ಸೀಲು ನೋಡಿ ಹೆದರಿ ಮತ್ತೆ ಇಟ್ಟುಕೊಂಡಿದ್ದ ಮಹಜರಿನ ನಕಲು. ತೆಗೆದು ಟೇಬಲ್ಲಿನ ಮೇಲಿಟ್ಟ. ಮೇಡಂ ಓದಿದರು.

"ನೀವೇ ಸಾಕ್ಷಿ. ಆನೆ ಇರೋದು ನಿಜ ತಾನೇ?"

"ನಿಜ ತಾಯಿ," ಅಂದ ಶಾಂತರಾಜು. "ಎರಡವೆ." ಒಂದೂವರೆ ತಿಂಗಳು ಬೇಲಿ ಬೇಲಿ ಅಂತ ಬಾಯಿ ಬಡಿದುಕೊಂಡವನು, ಮಗಳಿಗೋಸ್ಕರ ಮತ್ತೆ ಆನೆಯನ್ನು ಕರೆದು ನಿಲ್ಲಿಸಿದ.

ಮೇಡಂ ಪೆನ್ನು ತೆಗೆದರು. ಬರೆಯುವ ಮುಂಚೆ ಸುಮ್ಮನೆ, ಪದ್ಧತಿಗೆ ಕೇಳಿದ ಹಾಗೆ ಕೇಳಿದರು. "ಹೌದೇನಮ್ಮ ಸಂಘಮಿತ್ರಾ?"

ಹುಡುಗಿ ಅಪ್ಪನ ಮುಖ ನೋಡಿದಳು. "ಇಲ್ಲ ಮೇಡಂ. ಆನೆ ಇಲ್ಲ. ಅದು ಸೋಲಾರ್ ಬೇಲಿ ಸದ್ದು. ನಾನೇ ಪರೀಕ್ಷೆ ಮಾಡಿ ನೋಡಿದ್ದೀನಿ."

ಮೇಡಂ ಪೆನ್ನಿನ ಮುಚ್ಚಳ ಹಾಕಿದರಂತೆ. ಆನೆ ಇಲ್ಲವೆಂದ ಮೇಲೆ ಅಡಚಣೆ ಇಲ್ಲ, ಅಡಚಣೆ ಇಲ್ಲವೆಂದ ಮೇಲೆ ವಿನಾ ಕಾರಣ ಗೈರು. ಅವರ ಕೈಯಲ್ಲೂ ಏನೂ ಇರಲಿಲ್ಲ.

ಅಪ್ಪ ಮಗಳು ಹೊಳೆನರಸೀಪುರದ ಬಸ್ ಸ್ಟ್ಯಾಂಡಿಗೆ ಬಂದರು. ಕಲ್ಲು ಬೆಂಚಿನ ಮೇಲೆ ಕೂತ ಮೇಲೆ ಶಾಂತರಾಜುವಿಗೆ ತಡೆಯಲಾಗಲಿಲ್ಲ.

"ಒಂದ್ ಸಲ ಊಂ ಅಂದಿದ್ರೆ ಆಗೋಗದಲ್ಲವ್ವಾ. ನಾನೇ ಸುಳ್ ಯೋಳಿದ್ನಲ್ಲಾ, ಪಾಪ ನಂಗ್ ಬತ್ತಿತ್ತು. ಯಾಕವ್ವಾ ಇಂಗ್ ಮಾಡ್ದೆ?"

"ಬೇಲಿ ಅಂತ ನೀನು ಊರೆಲ್ಲಾ ಸುತ್ತಿ ಹೇಳ್ದೆ," ಅಂದಳು ಸಂಘಮಿತ್ರಾ. "ಗೌಡ್ರು ನಂಬಲಿಲ್ಲ. ಡಿಪೋದವ್ರು ನಂಬಲಿಲ್ಲ. ಫಾರೆಸ್ಟ್‌ನವ್ರೂ ನಂಬಲಿಲ್ಲ. ಇವತ್ತು ನಾನೂ ಆನೆ ಐತೆ ಅಂದ್ಬಿಟ್ಟಿದ್ರೆ ನಿನ್ನ ಕಡೆ ಯಾರಪ್ಪ ಇರ್ತಿದ್ರು?"

ಶಾಂತರಾಜು ಆ ಬಸ್ ಸ್ಟ್ಯಾಂಡಿನಲ್ಲಿ, ಅಷ್ಟು ಜನರ ನಡುವೆ, ಟವಲು ಬಾಯಿಗಿಟ್ಟುಕೊಂಡು ಹೋ ಎಂದು ಅತ್ತನಂತೆ. ಇದನ್ನು ನನಗೆ ಹೇಳುವಾಗಲೂ ಅತ್ತ. ನಾನೂ ಅತ್ತೆ, ನನಗೇನೂ ನಾಚಿಕೆಯಿಲ್ಲ. ಆ ಹುಡುಗಿ ಮಾತ್ರ ಅಳಲಿಲ್ಲ. ಬಸ್ಸು ಬಂತೆಂದು ಅಪ್ಪನ ಕೈ ಹಿಡಿದು ಎಬ್ಬಿಸಿ, ಕ್ರಾಸಿಗೆ ಎರಡು ಟಿಕೆಟ್ ತಗೊಂಡಳು.